ಪಾರಂಪರಿಕ ಕಟ್ಟಡಗಳ ಸಂರಕ್ಷಣೆ: ಅಂತರರಾಷ್ಟ್ರೀಯ ತರಬೇತಿ ಮತ್ತು ಮಂಡ್ಯ ಸೀಮೆ

ಹಳೆಯ ಗುಡಿ, ಬಸದಿ, ಮಸೀದಿ, ಕೋಟೆ, ಅರಮನೆ, ಸೇತುವೆ, ಕಲ್ಯಾಣಿ, ಶಾಸನಕಲ್ಲುಗಳನ್ನು ಅವುಗಳ ಮೂಲ ಸಾಮಗ್ರಿಯೂ ಮಹತ್ತ್ವವೂ ಕೆಡದಂತೆ ಮುಂದಿನವರಿಗೆ ಉಳಿಸಿಕೊಡುವುದು ಒಂದು ವಿದ್ಯೆ. ಹಲವು ದೇಶಗಳ ವಾಸ್ತುಶಿಲ್ಪಿಗಳು, ಎಂಜಿನಿಯರುಗಳು, ಪುರಾತತ್ತ್ವಜ್ಞರು, ರಸಾಯನಶಾಸ್ತ್ರಜ್ಞರು ಒಂದೆಡೆ ಸೇರಿ ಇದನ್ನು ಕಲಿಯಲೆಂದು ಏರ್ಪಟ್ಟ ಶಿಕ್ಷಣಕ್ರಮಗಳೇ ಸಂರಕ್ಷಣೆಯ ಅಂತರರಾಷ್ಟ್ರೀಯ ತರಬೇತಿಗಳು. ಎರಡನೆಯ ಮಹಾಯುದ್ಧದ ನಂತರ ಬೆಳೆದ ಈ ವ್ಯವಸ್ಥೆಗೆ ರೋಮ್ ನಗರ ಕೇಂದ್ರ. ಯಾರ್ಕ್, ಲೂವೆನ್, ವೆನಿಸ್, ಗ್ರೆನೋಬಲ್, ಟ್ರಾಂಡ್‌ಹೈಮ್, ನಾರಾ, ಕ್ಯೋಟೊ ಇತರ ನೆಲೆಗಳು. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಇಂಥ ಶಾಲೆ ಯಾವುದೂ ಇಲ್ಲ. ಆದರೆ ಆ ಶಾಲೆಗಳ ಪಠ್ಯದಲ್ಲಿರುವ ಬಹುತೇಕ ಎಲ್ಲ ಸಮಸ್ಯೆಗಳೂ ಈ ಸೀಮೆಯಲ್ಲಿ ಒಂದೆರಡು ಬಸ್ಸು ಬದಲಿಸಿದರೆ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಇಲ್ಲಿನ ಕಲ್ಲು, ಗಾರೆ, ನದಿ, ಪೂಜೆಗಳನ್ನು ಮುಂದಿಟ್ಟುಕೊಂಡೇ ಆ ತರಬೇತಿಗಳನ್ನು ಪರಿಚಯಿಸುವುದು ಉಚಿತ.

ಸೀಮೆಯ ಸ್ವತ್ತು

ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಂಡನಾಯಕ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯವಿದೆ. ಬೆಂಗಳೂರು ಮೈಸೂರು ಹೆದ್ದಾರಿಯ ಮಗ್ಗುಲಲ್ಲೇ ಇರುವ ಬೂದನೂರಿನಲ್ಲಿ ಅನಂತಪದ್ಮನಾಭ ಮತ್ತು ಕಾಶಿವಿಶ್ವನಾಥ ಗುಡಿಗಳಿವೆ. ಮದ್ದೂರಿನ ಉಗ್ರನರಸಿಂಹ ಮತ್ತು ಆಳೆತ್ತರಕ್ಕೂ ಮೀರಿದ ವರದರಾಜನ ಮೂರ್ತಿ, ಶಿಂಷಾ ದಂಡೆಯ ವೈದ್ಯನಾಥಪುರ, ಮಳವಳ್ಳಿ ಬಳಿ ಮಾರೇಹಳ್ಳಿಯಲ್ಲಿ ಚೋಳರ ಕಾಲದಷ್ಟು ಹಿಂದಕ್ಕೆ ಹೋಗುವ ಲಕ್ಷ್ಮೀನರಸಿಂಹನ ಗುಡಿ ಜನರಿಗೆ ಪರಿಚಿತ. ಜಿಲ್ಲೆಯ ಉಳಿದ ಕಡೆ ಹೊಸಹೊಳಲು, ಕಿಕ್ಕೇರಿ, ನಾಗಮಂಗಲ, ಕಂಬದಹಳ್ಳಿಯ ಪಂಚಕೂಟ ಬಸದಿ, ಮೇಲುಕೋಟೆ, ಶ್ರೀರಂಗಪಟ್ಟಣಗಳಿವೆ. ಶ್ರೀರಂಗಪಟ್ಟಣ ದ್ವೀಪದ ಸ್ಮಾರಕಗಳು 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿವೆ. 2023ರ ಸೆಪ್ಟೆಂಬರಿನಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಹೊಯ್ಸಳ ದೇವಾಲಯಗಳು ಬೇಲೂರು, ಹಳೇಬೀಡು, ಸೋಮನಾಥಪುರಗಳವು ಮಾತ್ರ. ಸೋಮನಾಥಪುರ ಮಳವಳ್ಳಿ ಗಡಿಯಿಂದ ದೂರವಿಲ್ಲ, ಆದರೆ ಮೈಸೂರು ಜಿಲ್ಲೆಗೆ ಸೇರಿದ್ದು. ಹೀಗಾಗಿ ಕೆತ್ತನೆಯಲ್ಲಿ ಅದಕ್ಕೆ ಹತ್ತಿರವೇ ನಿಲ್ಲುವ ಬಸರಾಳು, ಹೊಸಹೊಳಲುಗಳಿಗೆ ಆ ಗೌರವವೂ ಇಲ್ಲ, ಅದರ ಹಿಂದೆ ಬರುವ ತಜ್ಞರ ಓಡಾಟವೂ ಇಲ್ಲ.

ಸ್ವತ್ತೆಂದರೆ ಗುಡಿಗಳಷ್ಟೇ ಅಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಕಳಿಸಲು ಆರಂಭಿಸಿತು. ಹಳೆಯ ಯಂತ್ರಾಗಾರಗಳನ್ನು ಕಾಪಾಡುವ ಔದ್ಯಮಿಕ ಪರಂಪರೆ ಎಂಬ ಪ್ರತ್ಯೇಕ ಶಾಖೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೇಶದಲ್ಲೇ ವಿರಳ. ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆದ ಬಯಲು ಕಟ್ಟಡವಿಲ್ಲದ ಐತಿಹಾಸಿಕ ತಾಣ. ಅಲ್ಲಿನ ಸೌಧ ನಂತರ ಬಂದದ್ದು. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನ ಕಥೆ ಬೇರೆ. 949ರ ತಕ್ಕೋಲದ ಕಾಳಗವನ್ನೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ಒಟ್ಟಿಗೆ ನೆನೆಯುವ ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲು ಉಳಿಯಿತು, ಊರಿನಿಂದ ಹೋಯಿತು. ಸ್ಥಳದಲ್ಲೇ ಬಿಡಬೇಕೋ ಸಾಗಿಸಿ ಉಳಿಸಬೇಕೋ ಎಂಬ ಪ್ರಶ್ನೆಯನ್ನು ರೋಮ್‌ನ ತರಗತಿಯಲ್ಲಿ ಎತ್ತುವುದಕ್ಕೆ ಬಹಳ ಮೊದಲೇ ಮೈಸೂರು ಸಂಸ್ಥಾನದ ಅಧಿಕಾರಿಗಳು ತಮ್ಮದೇ ರೀತಿಯಲ್ಲಿ ತೀರ್ಮಾನಿಸಿದ್ದರು.

ಮೈಸೂರಿನ ಪುರಾತತ್ತ್ವ ಇಲಾಖೆ ಹುಟ್ಟಿದ್ದು 1885ರಲ್ಲಿ, ಬಿ. ಎಲ್. ರೈಸ್ ಅವರ ನೇತೃತ್ವದಲ್ಲಿ. 1906ರಿಂದ 1922ರವರೆಗೆ ಅದನ್ನು ನಡೆಸಿದ ಆರ್. ನರಸಿಂಹಾಚಾರ್ಯರು ಶ್ರೀರಂಗಪಟ್ಟಣ ಸೀಮೆಯವರೇ. ಕವಿಚರಿತೆಕಾರರೆಂದು ಕನ್ನಡಿಗರಿಗೆ ಹೆಚ್ಚು ಗೊತ್ತು. ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಗಳ ಮೇಲೆ ಅವರು ಹೊರತಂದ ಪುಸ್ತಕಗಳು, ವರ್ಷವರ್ಷದ ಇಲಾಖಾ ವರದಿಗಳು ಇವತ್ತಿಗೂ ದುರಸ್ತಿಗೆ ಹೊರಟವರಿಗೆ ಮೊದಲ ದಾಖಲೆ. ಕಟ್ಟಡವನ್ನು ಮುಟ್ಟುವ ಮೊದಲು ಅದನ್ನು ಓದಬೇಕು, ಅಳೆಯಬೇಕು, ಬರೆದಿಡಬೇಕು ಎಂಬ ಪಾಠ ಈ ನೆಲಕ್ಕೆ ಹೊರಗಿನಿಂದ ಬರಬೇಕಾಗಿರಲಿಲ್ಲ.

ರೋಮ್‌ನ ಶಾಲೆ

ಸಂರಕ್ಷಣೆಯ ಅಂತರರಾಷ್ಟ್ರೀಯ ಕೇಂದ್ರವೊಂದನ್ನು ಸ್ಥಾಪಿಸುವ ನಿರ್ಣಯ ಆದದ್ದು 1956ರಲ್ಲಿ, ದೆಹಲಿಯಲ್ಲಿ ಸೇರಿದ್ದ ಯುನೆಸ್ಕೊ ಮಹಾಧಿವೇಶನದಲ್ಲಿ. 1959ರಲ್ಲಿ ರೋಮ್‌ನಲ್ಲಿ ಕೆಲಸ ಆರಂಭಿಸಿದ ಆ ಸಂಸ್ಥೆಯನ್ನು ಎಲ್ಲರೂ ಇಕ್ರಾಮ್ ಎನ್ನುತ್ತಾರೆ. ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಯೋಗಶಾಲೆಯಿಂದ ಬಂದ ಹೆರಾಲ್ಡ್ ಪ್ಲೆಂಡರ್‌ಲೀತ್ ಅದರ ಮೊದಲ ನಿರ್ದೇಶಕ. ಭಾರತ ಅದರ ಸದಸ್ಯ ರಾಷ್ಟ್ರ.

ರೋಮ್ ವಿಶ್ವವಿದ್ಯಾಲಯದೊಡನೆ 1960ರ ದಶಕದ ನಡುವೆ ಶುರುವಾದ ವಾಸ್ತು ಸಂರಕ್ಷಣಾ ತರಬೇತಿ ಇಕ್ರಾಮ್‌ನ ಹೆಸರನ್ನು ಕಟ್ಟಿತು. ಸುಮಾರು ಇಪ್ಪತ್ತು ಜನ, ಅಷ್ಟೇ ಸಂಖ್ಯೆಯ ದೇಶಗಳು, ತಿಂಗಳುಗಟ್ಟಲೆ ಒಟ್ಟಿಗೆ ಓದು, ಓಡಾಟ, ಜಗಳ. 1968ರಲ್ಲಿ ಭಿತ್ತಿಚಿತ್ರಗಳಿಗೆ, 1976ರಲ್ಲಿ ವೆನಿಸ್‌ನಲ್ಲಿ ಕಲ್ಲಿಗೆ, 1984ರಲ್ಲಿ ನಾರ್ವೆಯಲ್ಲಿ ಮರಕ್ಕೆ ಪ್ರತ್ಯೇಕ ತರಬೇತಿಗಳು ಬಂದವು. ಮಣ್ಣಿನ ಕಟ್ಟಡಗಳಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಕ್ರಾತೆರ್ ಸಂಸ್ಥೆ ಜೊತೆಯಾಯಿತು. ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆಯೊಂದಿಗೆ ಸೇರಿ 1996 ಮತ್ತು 1999ರಲ್ಲಿ ಪೆರುವಿನ ಚಾನ್‌ಚಾನ್ ಎಂಬ ಮಣ್ಣಿನ ಪಾಳುನಗರದಲ್ಲೇ ತರಗತಿ ನಡೆಸಿದರು. ಇಂಗ್ಲೆಂಡಿನ ಯಾರ್ಕ್‌ನಲ್ಲಿ ಸಂರಕ್ಷಣೆಯ ಸ್ನಾತಕೋತ್ತರ ಅಧ್ಯಯನ ನೆಲೆಗೊಂಡಿತು. 1976ರಲ್ಲಿ ಬೆಲ್ಜಿಯಮ್ಮಿನ ಬ್ರೂಜ್‌ನಲ್ಲಿ ಹುಟ್ಟಿ ಮುಂದೆ ಲೂವೆನ್‌ಗೆ ಹೋದ ಕೇಂದ್ರಕ್ಕೆ ಅದನ್ನು ಕಟ್ಟಿದ ರೇಮಂಡ್ ಲೆಮೇರ್ ಅವರ ಹೆಸರಿದೆ. 1999ರಲ್ಲಿ ಜಪಾನಿನ ನಾರಾದಲ್ಲಿ ಏಷ್ಯಾ ಪೆಸಿಫಿಕ್ ದೇಶಗಳಿಗಾಗಿ ಸಂರಕ್ಷಣಾ ತರಬೇತಿಯ ಕಚೇರಿಯೊಂದು ತೆರೆಯಿತು.

ಇವುಗಳ ಹಿಂದೆ ಒಂದಿಷ್ಟು ಸನ್ನದುಗಳಿವೆ. 1964ರ ವೆನಿಸ್ ಸನ್ನದು ಊಹೆ ಆರಂಭವಾದ ಕಡೆ ದುರಸ್ತಿ ನಿಲ್ಲಬೇಕೆಂದಿತು. 1994ರ ನಾರಾ ದಸ್ತಾವೇಜು ಅಸಲಿತನವನ್ನು ಎಲ್ಲ ಕಡೆ ಒಂದೇ ಅಳತೆಗೋಲಿನಿಂದ ಅಳೆಯಲಾಗದು ಎಂದಿತು. ಇಪ್ಪತ್ತು ವರ್ಷಕ್ಕೊಮ್ಮೆ ಪೂರ್ತಿ ಹೊಸದಾಗಿ ಕಟ್ಟುವ ಇಸೆ ಮಂದಿರದ ದೇಶದಿಂದ ಆ ಮಾತು ಬಂದದ್ದು ಸಹಜ. ತರಬೇತಿ ಪಡೆದವನಿಗೆ ಏನೇನು ಬರಬೇಕೆಂದು ಸ್ಮಾರಕ ಮತ್ತು ತಾಣಗಳ ಅಂತರರಾಷ್ಟ್ರೀಯ ಮಂಡಳಿಯಾದ ಇಕೊಮಾಸ್ 1993ರಲ್ಲಿ ಕೊಲಂಬೊದಲ್ಲಿ ಒಪ್ಪಿದ ಮಾರ್ಗಸೂಚಿ ಹೇಳುತ್ತದೆ. ಸ್ಮಾರಕವನ್ನು ಓದಿ ಅದರ ಭಾವನಾತ್ಮಕ, ಸಾಂಸ್ಕೃತಿಕ, ಬಳಕೆಯ ಮೌಲ್ಯಗಳನ್ನು ಗುರುತಿಸುವ ಶಕ್ತಿಗೆ ಅದರಲ್ಲಿ ಮೊದಲ ಸ್ಥಾನ. ಗುತ್ತಿಗೆಯ ಎಸ್ಟಿಮೇಟು ಹಾಕುವುದಕ್ಕೆ ಅಲ್ಲ.

ಸುಣ್ಣ, ಸುರ್ಕಿ, ಬೆಲ್ಲ

ಎಲ್ಲ ತರಬೇತಿಗಳಲ್ಲೂ ತಪ್ಪದೆ ಬರುವ ವಿಷಯ ಗಾರೆ. ಸುಣ್ಣದ ಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ವಾರಗಟ್ಟಲೆ ನೆನೆಸಿಟ್ಟು, ಮರಳು ಸೇರಿಸಿ ಅರೆದರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಅದರಲ್ಲಿ ಸುಟ್ಟ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ ಬೆರೆತರೆ ನೀರಿನಲ್ಲೂ ಗಟ್ಟಿಯಾಗುತ್ತದೆ. ರೋಮನರು ಜ್ವಾಲಾಮುಖಿಯ ಬೂದಿಯಿಂದ ಸಾಧಿಸಿದ್ದನ್ನೇ ನಮ್ಮವರು ಇಟ್ಟಿಗೆಪುಡಿಯಿಂದ ಸಾಧಿಸಿದರು, ರಸಾಯನ ಒಂದೇ. ಇದಕ್ಕೆ ಪುರಾವೆ ಹುಡುಕಿಕೊಂಡು ರೋಮ್‌ಗೆ ಹೋಗಬೇಕಿಲ್ಲ. 1911ರಲ್ಲಿ ಆರಂಭವಾಗಿ 1930ರ ದಶಕದ ಮೊದಲ ವರ್ಷಗಳಲ್ಲಿ ಮುಗಿದ ಕೃಷ್ಣರಾಜಸಾಗರದ ಕಟ್ಟೆ ಸುರ್ಕಿ ಗಾರೆಯಲ್ಲಿ ಎದ್ದದ್ದು. ಮಂಡ್ಯದ ಗದ್ದೆಗೆ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬರುವುದು ಆ ಗಾರೆ ಹಿಡಿದುಕೊಂಡಿರುವುದರಿಂದ. ಪಾಂಡವಪುರದ ಬೇಬಿಬೆಟ್ಟದ ಕಲ್ಲುಗಣಿಗಳ ಸಿಡಿತದಿಂದ ಕಟ್ಟೆಗೆ ಅಪಾಯವೇ ಎಂಬ ವರ್ಷಗಳ ವಾದದಲ್ಲೂ ಮೂಲಪ್ರಶ್ನೆ ಒಂದೇ: ಕಲ್ಲು ಮತ್ತು ಸುಣ್ಣದ ಹಳೆಯ ಕಟ್ಟೋಣ ಎಷ್ಟು ಕಂಪನ ತಾಳುತ್ತದೆ?

ದಕ್ಷಿಣದ ಗಾರೆಯಲ್ಲಿ ಇನ್ನೆರಡು ಸಾಮಗ್ರಿಗಳು ಸೇರುತ್ತಿದ್ದವು: ಅಳಲೆಕಾಯಿ ನೆನೆಸಿದ ನೀರು ಮತ್ತು ಬೆಲ್ಲ. ಬೆಲ್ಲ ಬೆರೆತ ಗಾರೆ ಕರಣೆಗೆ ಸಲೀಸಾಗಿ ಒಗ್ಗುತ್ತದೆ, ಬೇಗ ಬಿಗಿಯದೆ ಕೆಲಸಕ್ಕೆ ಸಮಯ ಕೊಡುತ್ತದೆ. ಆಲೆಮನೆಗಳ ಜಿಲ್ಲೆಯಲ್ಲಿ ಇದಕ್ಕೆ ಬರವಿಲ್ಲ. ಬರವಿರುವುದು ಸುಣ್ಣ ಅರಳಿಸಿ ಕಾಯುವ ತಾಳ್ಮೆಗೆ, ಅದನ್ನು ಅರೆಯುವ ಗಾರೆಯವರಿಗೆ.

ಸಿಮೆಂಟು ಬಂದ ಮೇಲೆ ಹಳೆಯ ಗುಡಿಗಳ ಸಂದು ಮೆತ್ತುವ ಕೆಲಸ ಸುಲಭವಾಯಿತು, ಕೇಡೂ ಅಲ್ಲಿಂದಲೇ ಶುರುವಾಯಿತು. ಹೊಯ್ಸಳರ ಬಳಪದ ಕಲ್ಲು ಮೃದು. ಗಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಒಲಿಯುತ್ತದೆ. ಬಸರಾಳಿನ ಹೊರಗೋಡೆಯ ನಾಜೂಕು ಕೆತ್ತನೆ ಸಾಧ್ಯವಾದದ್ದು ಅದರಿಂದ. ಗೋಡೆಯೊಳಗೆ ಸೇರಿದ ನೀರು ಹೊರಬರುವುದು ಸಂದುಗಳ ಮೂಲಕ. ಸಂದಿಗೆ ಗಡಸು ಸಿಮೆಂಟು ಬಿದ್ದರೆ ನೀರು ಕಲ್ಲನ್ನೇ ದಾರಿ ಮಾಡಿಕೊಳ್ಳುತ್ತದೆ, ಸಿಮೆಂಟಿನ ಲವಣಗಳನ್ನೂ ಜೊತೆಗೆ ಒಯ್ಯುತ್ತದೆ. ಮೇಲ್ಮೈಯಲ್ಲಿ ನೀರು ಆರಿದಾಗ ಲವಣ ಹರಳುಗಟ್ಟಿ ಕಲ್ಲಿನ ಸಿಪ್ಪೆ ಏಳುತ್ತದೆ, ಮದನಿಕೆಯ ಮೂಗು ಪುಡಿಯಾಗಿ ಉದುರುತ್ತದೆ. ಕಲ್ಲುಗಳನ್ನು ಬಂಧಿಸಲು ಹಾಕಿದ ಕಬ್ಬಿಣದ ಪಟ್ಟಿ ತುಕ್ಕು ಹಿಡಿದು ಉಬ್ಬಿದರೂ ಫಲ ಅದೇ. ವೆನಿಸ್‌ನ ಕಲ್ಲಿನ ತರಬೇತಿ ಹುಟ್ಟಿದ್ದು ಇಂಥ ಲವಣದ ಕಾಟದ ನಡುವೆ. ಸಮುದ್ರದ ನೀರು ಏರಿಬರುವ ಊರಿನ ಅಮೃತಶಿಲೆಗೂ ಹೇಮಾವತಿ ನಾಲೆಯ ತೇವ ತಾಗುವ ಬಳಪದ ಕಲ್ಲಿಗೂ ರೋಗ ಒಂದೇ ಜಾತಿಯದು, ಔಷಧದ ಪ್ರಮಾಣ ಮಾತ್ರ ಬೇರೆ.

ಭಾರತದಲ್ಲಿ ಈ ಎಚ್ಚರ ತಡವಾಗಿ ಬಂದದ್ದೇನಲ್ಲ. ಜಾನ್ ಮಾರ್ಷಲ್ 1923ರಲ್ಲಿ ಹೊರತಂದ ಸಂರಕ್ಷಣಾ ಕೈಪಿಡಿ ಹಳೆಯ ಗಾರೆಗೆ ಹೊಂದುವ ಗಾರೆಯನ್ನೇ ಬಳಸುವ ಶಿಸ್ತನ್ನು ಕಲಿಸಿತ್ತು. ಇಕ್ರಾಮ್‌ನ ನಿರ್ದೇಶಕರಾಗಿದ್ದ ಬರ್ನಾರ್ಡ್ ಫೀಲ್ಡನ್ ಭಾರತದ ಪರಂಪರಾ ರಕ್ಷಣೆಯ ಸಂಸ್ಥೆಯಾದ ಇಂಟ್ಯಾಕ್‌ಗಾಗಿ ಸಿದ್ಧಪಡಿಸಿದ ತಾಂತ್ರಿಕ ಕೈಪಿಡಿ 1989ರಲ್ಲಿ ಬಂತು. ಕೈಪಿಡಿ ಕಚೇರಿಯ ಕಪಾಟಿನಲ್ಲಿ, ಸಿಮೆಂಟು ಚೀಲ ಕೆಲಸದ ಜಾಗದಲ್ಲಿ. ಈ ಅಂತರವನ್ನು ಯಾವ ಕೈಪಿಡಿಯೂ ಮುಚ್ಚಲಿಲ್ಲ.

ದರಿಯಾ ದೌಲತ್‌ನ ಗೋಡೆ

ಭಿತ್ತಿಚಿತ್ರ ತರಬೇತಿಯ ಅತಿ ಕಠಿಣ ಪ್ರಶ್ನೆ ಶ್ರೀರಂಗಪಟ್ಟಣದಲ್ಲಿ ಟಿಕೆಟ್ ಪಡೆದು ಒಳಹೋದವರೆಲ್ಲರ ಎದುರಿಗೂ ನಿಂತಿದೆ. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ 1780ರ ಪೊಳ್ಳಿಲೂರು ಕಾಳಗದ ಚಿತ್ರವಿದೆ. ಬ್ರಿಟಿಷ್ ಸೇನಾನಿ ಬೇಯ್ಲಿಯ ಸೈನ್ಯ ಸೋತ ಯುದ್ಧ ಅದು. 1799ರ ಮುತ್ತಿಗೆಗೆ ಮೊದಲೇ ಚಿತ್ರಗಳು ಕೆಟ್ಟಿದ್ದವು. ಪಟ್ಟಣ ಬಿದ್ದ ಮೇಲೆ ಅಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಅವನ್ನು ಸರಿಪಡಿಸಿದ. ಮತ್ತೆ ಮಾಸಿದವು, ಸುಣ್ಣವೂ ಬಿತ್ತು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ ದೇಶೀಯ ಕಲಾವಿದನೊಬ್ಬ ಮತ್ತೆ ಬರೆದ. ಹಾಗಾದರೆ ಉಳಿಸಬೇಕಾದದ್ದು ಯಾರ ಚಿತ್ರ? ಟಿಪ್ಪುವಿನ ಕಾಲದ ರೇಖೆ ಅಡಿಯಲ್ಲಿ ಎಲ್ಲಾದರೂ ಉಳಿದಿದ್ದರೆ ಅದಕ್ಕಾಗಿ ಮೇಲಿನದನ್ನು ಕೆರೆಯಬೇಕೆ?

ರೋಮ್‌ನಲ್ಲಿ 1939ರಲ್ಲಿ ಸ್ಥಾಪನೆಯಾದ ಕೇಂದ್ರ ಜೀರ್ಣೋದ್ಧಾರ ಸಂಸ್ಥೆಯ ಮೊದಲ ನಿರ್ದೇಶಕ ಚೆಸಾರೆ ಬ್ರಾಂದಿ ತನ್ನ ಸಿದ್ಧಾಂತವನ್ನು 1963ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಕಲಾಕೃತಿಗೆ ಎರಡು ಮುಖ: ಅದು ಕಣ್ಣಿಗೆ ಕಾಣುವ ಚೆಲುವು, ಜೊತೆಗೆ ಕಾಲ ದಾಟಿಬಂದ ದಾಖಲೆ. ಒಂದನ್ನು ಉಳಿಸಲು ಇನ್ನೊಂದನ್ನು ಅಳಿಸಬಾರದು. ನಂತರ ಸೇರಿದ ಪದರಕ್ಕೂ ಚರಿತ್ರೆಯ ಹಕ್ಕಿದೆ. ಬಣ್ಣ ಉದುರಿದ ಜಾಗವನ್ನು ತುಂಬುವುದಾದರೆ ದೂರದಿಂದ ಚಿತ್ರ ಕೂಡಿಕೊಳ್ಳಬೇಕು, ಹತ್ತಿರ ಹೋದರೆ ತುಂಬಿದ್ದೆಂದು ತಿಳಿಯಬೇಕು. ಅದಕ್ಕಾಗಿ ಸಣ್ಣ ಸಣ್ಣ ನೇರ ಗೆರೆಗಳಲ್ಲಿ ಬಣ್ಣ ಹಾಕುವ ಪದ್ಧತಿ ಅಲ್ಲಿಂದಲೇ ಹರಡಿತು. ಪಾವೊಲೊ ಮತ್ತು ಲಾರಾ ಮೋರಾ ದಂಪತಿಗಳು ಇದನ್ನು ಗೋಡೆಯ ಮುಂದೆಯೇ ನಿಂತು ಕಲಿಸಿದವರು. ದರಿಯಾ ದೌಲತ್‌ಗೆ ಆ ತರ್ಕ ಅನ್ವಯಿಸಿದರೆ ಡಾಲ್‌ಹೌಸಿಯ ಕಾಲದ ಪದರವೂ ಸ್ಮಾರಕದ ಭಾಗವೇ. ಸೋತವರೇ ತಮ್ಮ ಸೋಲಿನ ಚಿತ್ರವನ್ನು ಎರಡು ಸಲ ರಿಪೇರಿ ಮಾಡಿಸಿದರೆಂಬ ಸಂಗತಿ ಚಿತ್ರದಷ್ಟೇ ಸ್ವಾರಸ್ಯಕರ. ಕೆರೆದರೆ ಅದೂ ಹೋಗುತ್ತದೆ.

ಪೂಜೆ ನಡೆಯುವ ಗುಡಿ

ಯುರೋಪಿನ ಪಠ್ಯ ಇಲ್ಲಿ ಬಂದು ತಡವರಿಸುವುದು ಗರ್ಭಗುಡಿಯ ಹೊಸ್ತಿಲಲ್ಲಿ. ಹೊಸಹೊಳಲಿನ ಲಕ್ಷ್ಮೀನಾರಾಯಣನಿಗೆ ದೀಪ ಹಚ್ಚುವವರಿದ್ದಾರೆ, ಮೇಲುಕೋಟೆಯ ವೈರಮುಡಿಗೆ ಲಕ್ಷಾಂತರ ಜನ ನೆರೆಯುತ್ತಾರೆ. ಎಣ್ಣೆ, ಕರ್ಪೂರದ ಮಸಿ, ಅಭಿಷೇಕದ ನೀರು ಕಲ್ಲಿಗೆ ಕೇಡು ಎಂದು ಪ್ರಯೋಗಶಾಲೆ ಹೇಳಬಹುದು. ಅವು ನಿಂತರೆ ಗುಡಿ ವಸ್ತುಸಂಗ್ರಹಾಲಯವಾಗುತ್ತದೆ ಎಂದು ಅರ್ಚಕರು ಹೇಳಬಹುದು. ಇಬ್ಬರದೂ ನಿಜ. ಇಕ್ರಾಮ್ 2003ರಲ್ಲಿ ಏಷ್ಯಾದಲ್ಲಿ ಶುರುಮಾಡಿದ ಜೀವಂತ ಪರಂಪರೆಯ ಕಾರ್ಯಕ್ರಮ ಇದನ್ನೇ ಎತ್ತಿಕೊಂಡಿತು. ಅದನ್ನು ಮುನ್ನಡೆಸಿದವರಲ್ಲಿ ಪ್ರಮುಖರಾದ ಶ್ರೀಲಂಕಾದ ಗಾಮಿನಿ ವಿಜೆಸೂರಿಯ ಕ್ಯಾಂಡಿಯ ದಂತಧಾತು ದೇಗುಲ 1998ರ ಬಾಂಬ್ ದಾಳಿಯಲ್ಲಿ ಒಡೆದಾಗ ಅದರ ದುರಸ್ತಿಯಲ್ಲಿ ಇದ್ದವರು. ಅಲ್ಲಿ ಭಿಕ್ಕುಗಳು, ಭಕ್ತರು ಹಾಗೇ ಬಿಡಿ ಎನ್ನಲಿಲ್ಲ, ಹಳೆಯದರಂತೆಯೇ ಕಟ್ಟಿ ಎಂದರು. ನಿರ್ಧಾರದಲ್ಲಿ ಅವರೂ ಪಾಲುದಾರರಾದರು.

ಮಂಡ್ಯ ಸೀಮೆಯಲ್ಲಿ ದೊಡ್ಡ ಗುಡಿಗಳ ಮಾತಿಗಿಂತ ಸಣ್ಣ ಗುಡಿಗಳ ಮಾತು ತುರ್ತಿನದು. ಕೇಂದ್ರ ಪುರಾತತ್ತ್ವ ಸರ್ವೇಕ್ಷಣೆಯ ಪಟ್ಟಿಯಲ್ಲಿ, 1961ರ ರಾಜ್ಯ ಕಾಯಿದೆಯ ಪಟ್ಟಿಯಲ್ಲಿ ಇರುವುದು ಕೆಲವೇ. ಉಳಿದವು ಮುಜರಾಯಿಯ ಕೈಯಲ್ಲಿ, ಊರ ಸಮಿತಿಯ ಕೈಯಲ್ಲಿ. ಊರಿನವರು ಹಣ ಕೂಡಿಸಿ, ಮಾಳಿಗೆ ಸೋರದಂತೆ ಕಾಂಕ್ರೀಟು ಸುರಿದು, ನವರಂಗಕ್ಕೆ ಟೈಲ್ಸ್ ಹಾಕಿ, ಕಂಬಗಳಿಗೆ ಎನಾಮೆಲ್ ಬಣ್ಣ ಬಳಿಯುವುದು ಭಕ್ತಿಯಿಂದಲೇ. ಅಸಡ್ಡೆಯಿಂದ ಹಾಳಾಗುವ ಗುಡಿಗಿಂತ ಅಕ್ಕರೆಯಿಂದ ಹಾಳಾಗುವ ಗುಡಿಯನ್ನು ಉಳಿಸುವುದು ಕಷ್ಟ, ಯಾಕೆಂದರೆ ಅಲ್ಲಿ ಬೇಡ ಎನ್ನುವವನೇ ಖಳನಾಯಕ. ರಾಜ್ಯದಲ್ಲಿ ಈ ಕಗ್ಗಂಟನ್ನು ಸ್ವಲ್ಪ ಸಡಿಲಿಸಿದ್ದು ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್. ಸರ್ಕಾರ, ಟ್ರಸ್ಟ್, ಊರಿನವರು ವೆಚ್ಚ ಹಂಚಿಕೊಳ್ಳುವ ಅದರ ಕ್ರಮದಲ್ಲಿ ಕಲ್ಲಿನ ಗುಡಿಯನ್ನು ಕಲ್ಲಿನಲ್ಲೇ ಎತ್ತಿ ನಿಲ್ಲಿಸುತ್ತಾರೆ. ಊರಿನವರ ದುಡ್ಡೂ ಸೇರಿರುವುದರಿಂದ ಮಾತಿಗೆ ಬೆಲೆ ಬರುತ್ತದೆ.

ಕಲಿಯುವವರು ಯಾರು

ಭಾರತದಿಂದ ಈ ತರಬೇತಿಗಳಿಗೆ ಹೋಗುವ ದಾರಿಗಳು ಕೆಲವು. ಸರ್ವೇಕ್ಷಣೆಯ ಅಧಿಕಾರಿಗಳನ್ನು ಸರ್ಕಾರ ಕಳಿಸುತ್ತದೆ. ಖಾಸಗಿ ವಾಸ್ತುಶಿಲ್ಪಿಗಳಿಗೆ 1981ರಿಂದ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟಿನ ನೆರವು ಇದೆ. ಕಲ್ಕತ್ತೆಯಲ್ಲಿ ವ್ಯಾಪಾರ ಮಾಡಿ 1916ರಲ್ಲಿ ತೀರಿಕೊಂಡ ಬ್ರಿಟಿಷ್ ಉದ್ಯಮಿಯ ಆಸ್ತಿ ಇಲ್ಲಿನ ವಿದ್ಯಾರ್ಥಿಗಳ ಪಾಲಿಗೆ ಬಂದ ಬಗೆ ಅದು. 1984ರಲ್ಲಿ ಹುಟ್ಟಿದ ಇಂಟ್ಯಾಕ್‌ಗೂ ಅದೇ ಆಸ್ತಿಯಿಂದ ಬ್ರಿಟನ್ನಿನಲ್ಲಿ ಒಂದು ಟ್ರಸ್ಟ್ ಆಯಿತು. ದೇಶದೊಳಗೆ 1976ರಲ್ಲಿ ಲಖನೌದಲ್ಲಿ ಆರಂಭವಾದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಶಾಲೆಯ ಪ್ರಾದೇಶಿಕ ಘಟಕ ಮೈಸೂರಿನಲ್ಲಿದೆ. ಮಂಡ್ಯದವರಿಗೆ ಅತಿ ಹತ್ತಿರದ ವೈಜ್ಞಾನಿಕ ನೆರವು ಅದೇ. ಸರ್ವೇಕ್ಷಣೆಯ ಪುರಾತತ್ತ್ವ ಸಂಸ್ಥೆ ಈಗ ಗ್ರೇಟರ್ ನೋಯ್ಡಾದಲ್ಲಿದೆ.

ಹೊರಗಿನವರು ಕರ್ನಾಟಕಕ್ಕೆ ಬಂದು ಕಲಿತದ್ದೂ ಉಂಟು. 1980ರಿಂದ ಹಂಪಿಯಲ್ಲಿ ಜಾನ್ ಫ್ರಿಟ್ಸ್ ಮತ್ತು ಜಾರ್ಜ್ ಮಿಶೆಲ್ ನಡೆಸಿದ ವಿಜಯನಗರ ಸಂಶೋಧನಾ ಯೋಜನೆಯ ಚಳಿಗಾಲದ ಬಿಡಾರಗಳಲ್ಲಿ ನಾನಾ ದೇಶಗಳ ವಿದ್ಯಾರ್ಥಿಗಳು, ಭಾರತದ ತರುಣ ವಾಸ್ತುಶಿಲ್ಪಿಗಳು ಒಟ್ಟಿಗೆ ಪಾಳುಕಟ್ಟಡಗಳನ್ನು ಅಳೆದು ನಕ್ಷೆ ಬರೆದರು. ರಾಜ್ಯ ಪುರಾತತ್ತ್ವ ಇಲಾಖೆ, ಆಗ ಅದರ ನಿರ್ದೇಶಕರಾಗಿದ್ದು ಮುಂದೆ ಸರ್ವೇಕ್ಷಣೆಯ ಮಹಾನಿರ್ದೇಶಕರಾದ ಎಂ. ಎಸ್. ನಾಗರಾಜರಾವ್ ಅದಕ್ಕೆ ಬೆಂಬಲವಾಗಿದ್ದರು. ಪ್ರಮಾಣಪತ್ರ ಕೊಡದ ಆ ಬಿಡಾರ ರಾಜ್ಯದ ಅತ್ಯುತ್ತಮ ಅಂತರರಾಷ್ಟ್ರೀಯ ತರಬೇತಿ ಎನ್ನಲು ಅಡ್ಡಿಯಿಲ್ಲ. ಇನ್ನೊಂದು ದಿಕ್ಕಿನಲ್ಲಿ ಭಾರತವೇ ಗುರುವಾಗಿ ಹೋದದ್ದಿದೆ: 1986ರಿಂದ 1993ರವರೆಗೆ ಸರ್ವೇಕ್ಷಣೆಯ ತಂಡ ಕಾಂಬೋಡಿಯದ ಅಂಗ್‌ಕೋರ್ ವಾಟ್‌ನಲ್ಲಿ, ಯುದ್ಧ ಪೂರ್ತಿ ನಿಲ್ಲದ ದಿನಗಳಲ್ಲೇ ಕೆಲಸ ಮಾಡಿತು. ರಾಸಾಯನಿಕ ತೊಳೆತಕ್ಕಾಗಿ ಕಟುವಾದ ಟೀಕೆಗೂ ಗುರಿಯಾಯಿತು. ಆ ಟೀಕೆ ಅನ್ಯಾಯದ್ದೆಂದು ತಳ್ಳಿಹಾಕುವವರು, ಬೇರೆ ಯಾರೂ ಹೋಗಲೊಲ್ಲದ ಕಾಲದಲ್ಲಿ ಹೋದವರ ಧೈರ್ಯವನ್ನು ಮರೆಯುವವರು, ಇಬ್ಬರೂ ಅರ್ಧ ಕಥೆ ಹೇಳುತ್ತಾರೆ.

ಈ ಪಟ್ಟಿಯಲ್ಲಿ ಇಲ್ಲದವನು ಮೇಸ್ತ್ರಿ. ಅರ್ಜಿಗೆ ಪದವಿ ಬೇಕು, ವೃತ್ತಿಯ ಅನುಭವದ ಪತ್ರ ಬೇಕು, ಪಾಠ ಇಂಗ್ಲಿಷಿನಲ್ಲೋ ಫ್ರೆಂಚಿನಲ್ಲೋ. ಕಲ್ಲು ಎತ್ತಿ ಕೂರಿಸುವ ಕೈಗೆ ಅಲ್ಲಿ ಜಾಗವಿಲ್ಲ. ಇದನ್ನು ಮೊದಲೇ ಅರಿತ ದೇಶಗಳಿವೆ. ಜಪಾನು 1975ರಲ್ಲಿ ಕಾಯಿದೆ ತಿದ್ದಿ, ಕಟ್ಟಡಗಳ ಜೊತೆ ಅವುಗಳನ್ನು ದುರಸ್ತಿ ಮಾಡುವ ಕುಶಲವಿದ್ಯೆಗಳನ್ನೂ ರಕ್ಷಣೆಗೆ ತಂದಿತು. ಇಂಗ್ಲೆಂಡಿನಲ್ಲಿ 1877ರಲ್ಲಿ ವಿಲಿಯಂ ಮಾರಿಸ್ ಹುಟ್ಟುಹಾಕಿದ ಪ್ರಾಚೀನ ಕಟ್ಟಡ ರಕ್ಷಣಾ ಸಂಘ 1930ರಿಂದ ವಾಸ್ತುಶಿಲ್ಪಿಗಳಿಗೆ ಲೆಥಬಿ ವಿದ್ಯಾರ್ಥಿವೇತನ ಕೊಡುತ್ತಿತ್ತು. 1980ರ ದಶಕದಲ್ಲಿ ಕಲ್ಲುಕೆಲಸ, ಮರಗೆಲಸ, ಗಾರೆಯವರಿಗೂ ಅಂಥದ್ದೊಂದನ್ನು ಸೇರಿಸಿತು. ದೆಹಲಿಯ ಹುಮಾಯೂನ್ ಸಮಾಧಿಯಲ್ಲಿ ಆಗಾಖಾನ್ ಟ್ರಸ್ಟ್ 2007ರಿಂದ ನಡೆಸಿದ ಕೆಲಸ ಕಲ್ಲುಕುಟಿಗರನ್ನೂ ಗಾರೆಯವರನ್ನೂ ನಡುವೆ ಇಟ್ಟುಕೊಂಡಿತ್ತು. ಸರ್ವೇಕ್ಷಣೆಯ 2014ರ ರಾಷ್ಟ್ರೀಯ ಸಂರಕ್ಷಣಾ ನೀತಿ ಕುಶಲಕರ್ಮಿಗಳ ತರಬೇತಿಯನ್ನು ಪ್ರಸ್ತಾಪಿಸುತ್ತದೆ.

ಕರ್ನಾಟಕದಲ್ಲಿ ಬಿಡದಿ ಬಳಿಯ ಜೋಗರದೊಡ್ಡಿಯಲ್ಲೂ ಕಾರ್ಕಳದ ಮಿಯಾರಿನಲ್ಲೂ ಕೆನರಾ ಬ್ಯಾಂಕಿನ ಬೆಂಬಲದಿಂದ ನಡೆದ ಶಿಲ್ಪಕಲಾ ಶಾಲೆಗಳು ಹೊಸ ಕೆತ್ತನೆಗಾರರನ್ನು ತಯಾರಿಸಿವೆ. ಹೊಸ ಮೂರ್ತಿ ಕಡೆಯುವುದೂ ಹಳೆಯ ಮೂರ್ತಿಯ ಬಿರುಕನ್ನು ಹೆಚ್ಚದಂತೆ ನಿಲ್ಲಿಸುವುದೂ ಬೇರೆ ಬೇರೆ ಕೆಲಸ. ಎರಡನೆಯದಕ್ಕೆ ಕೈಚಳಕದಷ್ಟೇ ಕೈ ತಡೆಯುವುದೂ ಗೊತ್ತಿರಬೇಕು. ಟೆಂಡರಿನ ದರಪಟ್ಟಿಯಲ್ಲಿ ಸುಣ್ಣ ಅರಳಿಸುವ ದಿನಗಳಿಗೆ ಕೂಲಿ ನಮೂದಾಗದಿದ್ದರೆ ಸಿಮೆಂಟು ಬಾರದಿರಲು ಕಾರಣವೇ ಇಲ್ಲ. ಅಧಿಕಾರಿ ರೋಮ್‌ನಿಂದ ಏನನ್ನೇ ಕಲಿತು ಬರಲಿ, ಬದಲಾಗಬೇಕಾದ ಮೊದಲ ಕಾಗದ ಆ ದರಪಟ್ಟಿ.

ಕಟ್ಟಡ ಹೊತ್ತು ನಡೆದದ್ದು

ರೈಲು, ರಸ್ತೆ, ಅಣೆಕಟ್ಟುಗಳಿಗೆ ಸಿಕ್ಕಿಕೊಂಡ ಸ್ಮಾರಕಗಳು ತರಬೇತಿಯಲ್ಲಿ ಮತ್ತೊಂದು ಅಧ್ಯಾಯ. ಯುನೆಸ್ಕೊ 1960ರಲ್ಲಿ ಸಾರಿದ ನ್ಯೂಬಿಯಾ ಅಭಿಯಾನದಲ್ಲಿ ಈಜಿಪ್ಟಿನ ಅಬು ಸಿಂಬೆಲ್ ಗುಡಿಗಳನ್ನು ಕತ್ತರಿಸಿ ಮೇಲಕ್ಕೆ ಒಯ್ದರು. ಅದಕ್ಕೆ ಮೂವತ್ತು ವರ್ಷ ಮೊದಲೇ ಕೃಷ್ಣರಾಜಸಾಗರದ ಹಿನ್ನೀರು ಹಳೆಯ ಕನ್ನಂಬಾಡಿಯನ್ನು ನುಂಗಿತ್ತು. ಅಲ್ಲಿನ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿ ನೀರಿಳಿದ ಬರದ ವರ್ಷಗಳಲ್ಲಿ ಮಾತ್ರ ಕಾಣುತ್ತಿತ್ತು. ಈ ಶತಮಾನದಲ್ಲಿ ಖೋಡೆ ಪ್ರತಿಷ್ಠಾನ ಕಲ್ಲು ಕಲ್ಲಿಗೂ ಗುರುತು ಹಾಕಿ, ಚಿತ್ರ ತೆಗೆದು, ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮರುಜೋಡಿಸಿತು. ಪಠ್ಯಪುಸ್ತಕ ಒಪ್ಪುವ ವಿಧಾನವೇ ಇದು. ಜೋಡಿಸಿದ ಮೇಲೆ ಕಾಣುವ ಹೊಸತನದ ಬಗ್ಗೆ ತಕರಾರು ಎತ್ತುವ ಶುದ್ಧವಾದಿಗಳಿದ್ದಾರೆ, ಆದರೆ ನೀರಿನಡಿಯ ಅಸಲಿತನದಿಂದ ಯಾರಿಗೂ ದರ್ಶನ ಸಿಗುತ್ತಿರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆ ಬೆಂಗಳೂರು ಮೈಸೂರು ಜೋಡಿಹಳಿಗೆ ಅಡ್ಡ ನಿಂತಾಗ 2017ರಲ್ಲಿ ಬೇರೆ ದಾರಿ ಹಿಡಿದರು. ಬಿಚ್ಚಲಿಲ್ಲ. ಇಡೀ ಕಟ್ಟಡವನ್ನು ಅಡಿಪಾಯದಿಂದ ಬಿಡಿಸಿ ಉಕ್ಕಿನ ತೊಲೆಗಳ ಮೇಲೆ ಹೊರಿಸಿ, ಜಾಕ್‌ಗಳಿಂದ ಎತ್ತಿ, ನೂರು ಮೀಟರಿನಷ್ಟು ದೂರಕ್ಕೆ ತಳ್ಳಿದರು. ಅಮೆರಿಕದ ವೂಲ್ಫ್ ಸಂಸ್ಥೆಯೂ ಭಾರತದ ಪಿಎಸ್‌ಎಲ್ ಕೂಡಿ ಮಾಡಿದ ಕೆಲಸ ಅದು. ಇಂಥ ಯೋಜನೆಗಳಿಂದ ಸ್ಮಾರಕಗಳಿಗಾಗುವ ಪರಿಣಾಮವನ್ನು ಮುಂಚಿತವಾಗಿ ಅಳೆಯುವುದನ್ನು ಕಲಿಸುವ ತರಬೇತಿಗಳನ್ನು ಇಕ್ರಾಮ್ ಮತ್ತು ಚೀನಾದ ವಿಶ್ವಪರಂಪರೆ ತರಬೇತಿ ಕೇಂದ್ರ ನಡೆಸುತ್ತವೆ. ಹಂಪಿ 1999ರಿಂದ 2006ರವರೆಗೆ ಯುನೆಸ್ಕೊದ ಅಪಾಯದ ಪಟ್ಟಿಯಲ್ಲಿ ಇದ್ದದ್ದು ಸೇತುವೆಗಳ ಕಾರಣಕ್ಕೆ. ಅವುಗಳಲ್ಲಿ ಆನೆಗೊಂದಿಯ ಸೇತುವೆ 2009ರಲ್ಲಿ ಕಟ್ಟುವಾಗಲೇ ಕುಸಿಯಿತು. 2023ರ ಮಾರ್ಚಿನಲ್ಲಿ ಮದ್ದೂರಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಹತ್ತು ಪಥದ ಬೆಂಗಳೂರು ಮೈಸೂರು ಹೆದ್ದಾರಿ ಈ ಸೀಮೆಯ ನಕ್ಷೆಯನ್ನೇ ಬದಲಿಸಿದೆ. ಅದರ ಎರಡೂ ಬದಿಯ ಪಟ್ಟಿಗೆ ಸೇರದ ಗುಡಿ, ಮಂಟಪ, ವೀರಗಲ್ಲುಗಳ ಎಣಿಕೆ ಯಾವ ಯೋಜನೆಯ ಕಡತದಲ್ಲೂ ಮೊದಲ ಪುಟದಲ್ಲಿ ಇರಬೇಕಾದದ್ದು.

ಪ್ರವಾಹ

ಕ್ಯೋಟೊದ ರಿತ್ಸುಮೈಕಾನ್ ವಿಶ್ವವಿದ್ಯಾಲಯ 2006ರಿಂದ ವಿಪತ್ತು ಮತ್ತು ಪರಂಪರೆಯ ಬಗ್ಗೆ ಅಂತರರಾಷ್ಟ್ರೀಯ ತರಬೇತಿ ನಡೆಸುತ್ತಿದೆ. ಭಾರತದ ರೋಹಿತ್ ಜಿಗ್ಯಾಸು ಅದರ ಬೋಧಕವರ್ಗದಲ್ಲಿ ದೀರ್ಘಕಾಲ ಇದ್ದವರು. ಆ ತರಬೇತಿ ಭೂಕಂಪದ ದೇಶದಲ್ಲಿ ಹುಟ್ಟಿದರೂ ಪ್ರವಾಹವೂ ಅದರ ಪಠ್ಯ. ಕಾವೇರಿಯ ಸೀಮೆಗೆ ಬೇಕಾದದ್ದು ಇದು. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನ ಕಾಲದಲ್ಲಿ, 1804ರಲ್ಲಿ, ಕಲ್ಲುಕಂಬಗಳ ಮೇಲೆ ಕಲ್ಲು ತೊಲೆ ಹಾಸಿ ಕಟ್ಟಿದ ವೆಲ್ಲೆಸ್ಲಿ ಸೇತುವೆ ಎಷ್ಟೋ ನೆರೆ ಕಂಡು ನಿಂತಿದೆ. ಶಿವನಸಮುದ್ರದಲ್ಲಿ 1830ರ ದಶಕದ ಆರಂಭದಲ್ಲಿ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ, ಊರವರ ಬಾಯಲ್ಲಿ ವೆಸ್ಲಿ ಎಂದಾದ ಸೇತುವೆ 2018ರ ನೆರೆಯಲ್ಲಿ ಒಂದು ಭಾಗ ಕಳೆದುಕೊಂಡಿತು. ಗಾರೆಗಿಂತ ತೂಕವನ್ನೇ ನೆಚ್ಚಿದ ಕಟ್ಟೋಣ ಅದು: ಬಂಡೆಯ ಮೇಲೆ ಊರಿದ ಕಂಬ, ಅದರ ಮೇಲೆ ಅಡ್ಡತೊಲೆ, ಮೇಲೆ ಹಾಸುಗಲ್ಲು. ಹಾಸು ಮುಳುಗುವಷ್ಟು ನೀರೇರಿದಾಗ ಕಲ್ಲಿನ ತೂಕದ ಒಂದು ಪಾಲನ್ನು ನೀರೇ ಹೊರುತ್ತದೆ. ತೇಲಿಬಂದ ಮರದ ದಿಮ್ಮಿಗಳು ಕಂಬಗಳ ನಡುವೆ ಸಿಕ್ಕಿ ಹರಿವಿಗೆ ಅಡ್ಡಗೋಡೆಯಾಗುತ್ತವೆ. ಉರುಳಿದ ಕಂಬ ನದಿಯಲ್ಲೇ ಇರುತ್ತದೆ, ಹಾಳಾಗಿರುವುದಿಲ್ಲ. ಪ್ರತಿ ಕಂಬಕ್ಕೆ, ತೊಲೆಗೆ ಮುಂಚೆಯೇ ಸಂಖ್ಯೆ ಬರೆದ ಅಳತೆಯ ನಕ್ಷೆ ಇದ್ದರೆ ಬೇಸಿಗೆಯಲ್ಲಿ ನೀರಿಳಿದಾಗ ಹುಡುಕಿ, ಎತ್ತಿ, ಅದೇ ಜಾಗದಲ್ಲಿ ನಿಲ್ಲಿಸಬಹುದು. ಕ್ಯೋಟೊದ ತರಬೇತಿ ಕೇಳುವ ಮುಂಜಾಗ್ರತೆ ಇಂಥದ್ದು. ಕೃಷ್ಣರಾಜಸಾಗರದಿಂದ ಎಷ್ಟು ಕ್ಯುಸೆಕ್ ಬಿಟ್ಟರೆ ಯಾವ ಸೇತುವೆಯ ಹಾಸು ಮುಳುಗುತ್ತದೆ ಎಂಬ ಲೆಕ್ಕ ನೀರಾವರಿ ಕಚೇರಿಯವರಿಗೂ ನದಿ ದಂಡೆಯ ಊರುಗಳಿಗೂ ಬಾಯಿಪಾಠ. ಅದನ್ನು ಪುರಾತತ್ತ್ವ ಇಲಾಖೆಯ ಕಡತಕ್ಕೆ ಸೇರಿಸಲು ವಿಮಾನ ಹತ್ತಬೇಕಾಗಿಲ್ಲ.